ದಾರಿ ಒಡೆಯುವ ರೇಯೋ

ನಮ್ಮ ಹಡಗಿನ ಚುಕ್ಕಾಣಿ ಹಿಡಿಯುವ ರೇಯೋನಂಥ ಒಳ್ಳೆಯವನನ್ನು ನಾನು ನೋಡಿಲ್ಲ. ಅವನಷ್ಟು ಬೈಸಿಕೊಂಡವನನ್ನೂ ನೋಡಿಲ್ಲ. ಚಳಿಗಾಲದಲ್ಲಿ ಫಿನ್‌ಲ್ಯಾಂಡಿನ ಉತ್ತರದ ಕಡಲು ಹೆಪ್ಪುಗಟ್ಟಿದಾಗ, ಸರಕಿನ ಹಡಗುಗಳಿಗೆ ಮಂಜುಗಡ್ಡೆ ಒಡೆದು ದಾರಿ ಮಾಡಿಕೊಡುವುದು ನಮ್ಮ ಕೆಲಸ. ನಾನು ಅಲ್ಲಿ ಅಡುಗೆಯವಳು. ರೇಯೋ ಹುಟ್ಟಿದ ದ್ವೀಪದವರಿಗೋ ಆ ಗಡ್ಡೆಯೇ ರಸ್ತೆ. ಗುರುತಿಗೆ ಫರ್ ಮರದ ಕೊಂಬೆಗಳನ್ನು ಸಾಲಾಗಿ ಸಿಕ್ಕಿಸಿಕೊಂಡು ಪೇಟೆಗೆ ಹೋಗಿಬರುತ್ತಾರೆ. ನಾವು ಬಂದರಿಗೆ ಹೋಗಬೇಕಾದರೆ ಆ ರಸ್ತೆಯನ್ನು ಸೀಳಲೇಬೇಕು. ಅದು ಮತ್ತೆ ಕೂಡಿಕೊಳ್ಳುವ ತನಕ ಇಡೀ ದ್ವೀಪ ರೇಯೋನಿಗೆ ಶಾಪ ಹಾಕುತ್ತದೆ.

ಐವತ್ತು ದಾಟಿದ ಮೇಲೆ ಈ ಪುಣ್ಯಾತ್ಮ ತನ್ನೂರಿನ ಹೆಲ್ವಿಯನ್ನು ಮದುವೆಗೆ ಕೇಳಿದ. ಹೆಲ್ವಿ ಮೀನು ಹೊಗೆಯಾಡಿಸಿ ಮಾರುವವಳು, ಆಗಲೇ ಇಬ್ಬರನ್ನು ಬೇಡವೆಂದು ಕಳಿಸಿದವಳು. "ಭಾನುವಾರ ಮನೆಗೆ ಬಾ, ಹೇಳ್ತೀನಿ" ಎಂದಿದ್ದಳು. ಶನಿವಾರವೇ ನಮಗೆ ಗಡ್ಡೆಯಲ್ಲಿ ಸಿಕ್ಕಿಬಿದ್ದ ಹಡಗೊಂದನ್ನು ಬಿಡಿಸುವ ಕೆಲಸ ಬಂತು. ರಸ್ತೆ ಸೀಳಿ ಮುಂದೆ ಹೋಗಿ ತಿರುಗಿ ನೋಡಿದರೆ, ಸೀಳಿನ ಆಚೆ, ಪೇಟೆ ಇರುವ ಬದಿಯ ಅಂಚಿನಲ್ಲಿ ಹೆಲ್ವಿ! ಮೀನು ಮಾರಿ ಮನೆಗೆ ಹೊರಟವಳು, ಖಾಲಿ ಬುಟ್ಟಿ ಪಕ್ಕಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಆಯ್ತು, ನನ್ನ ಕಥೆ ಮುಗೀತು" ಎಂದ ರೇಯೋ. ಸ್ವಲ್ಪ ಹೊತ್ತು ನಿಲ್ಲೋಣ ಎಂದು ಕ್ಯಾಪ್ಟನ್‌ನನ್ನು ಗೋಗರೆದ. ಹಡಗನ್ನು ಹಿಂದಕ್ಕೆ ತಂದು ರಸ್ತೆಯ ನೇರಕ್ಕೆ ನಿಲ್ಲಿಸಿದ. ಎರಡೂ ಕಡೆ ಏಣಿ, ಹಲಗೆ ಇಳಿಸಿದೆವು. ಹಡಗೇ ಸೇತುವೆಯಾಯಿತು.

"ಚುಕ್ಕಾಣಿ ನಾನು ನೋಡ್ಕೋತೀನಿ. ನೀನು ಹೋಗಿ ಬೈಸ್ಕೊಂಡು ಬಾ" ಎಂದರು ಕ್ಯಾಪ್ಟನ್.

ಹೆಲ್ವಿ ಹತ್ತಿ ಬಂದಳು. "ಏನೋ ರೇಯೋ, ನನ್ನ ಉತ್ತರ ಕೇಳೋಕೆ ಅಷ್ಟೊಂದು ಭಯಾನಾ? ರಸ್ತೇನೇ ಕಿತ್ತಾಕಿದ್ಯಲ್ಲ."

"ಕೆಲಸ ಕಣೆ."

"ನಾನೇನು ಆಟ ಆಡೋಕೆ ಹೋಗಿದ್ನಾ?"

ಹಾಗೆಂದವಳು ನಾನು ಕೊಟ್ಟ ಕಾಫಿ ಕುಡಿದು, ನೀರಾಗಿದೆ ಎಂದಳು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ದ್ವೀಪದ ಕಡೆಯ ಏಣಿ ಇಳಿದು, ಗಡ್ಡೆಯ ಮೇಲೆ ನಿಂತು ತಲೆಯೆತ್ತಿದಳು.

"ಗಡ್ಡೆ ಕೂಡ್ಕೊಂಡ ಮೇಲೆ ಕೊಡಲಿ ತಗೊಂಡು ಬಾ. ಬಿದ್ದ ಕೊಂಬೆ ಎಲ್ಲಾ ನೀನೇ ಸಿಗಿಸ್ಬೇಕು. ನಮ್ಮನೆ ಬಾಗಿಲ ತನಕ."

"ಹಂಗಂದ್ರೆ ಒಪ್ಕೊಂಡ್ಯಾ?"

"ಬಾಗಿಲ ತನಕ ಅಂದ್ನಲ್ಲ."

ರೇಯೋ ಹಡಗಿನ ಅಂಚಿನ ಕಂಬಿ ಹಿಡಿದುಕೊಂಡು ಮಗುವಿನ ಹಾಗೆ ನಕ್ಕ. ನಾನು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಮದುವೆಗೆ ಮಾತ್ರ ಹೆಲ್ವಿ ಬೇಸಿಗೆಯ ದಿನವನ್ನೇ ಗೊತ್ತುಮಾಡಿದಳು. ಪಾದ್ರಿಗಳು ಪೇಟೆಯಿಂದ ಬರಬೇಕಿತ್ತು. ರೇಯೋನನ್ನು ನಂಬಿ ಅವರನ್ನು ಗಡ್ಡೆಯ ಮೇಲೆ ಕರೆಸುವ ಧೈರ್ಯ ಅವಳಿಗಿರಲಿಲ್ಲ.