ಗೆದ್ದವರ ಕೈಗೆ ಆರತಿ ತಟ್ಟೆ

ನಮ್ಮ ಪಕ್ಕದ ಮನೆಯ ಅಕ್ಕನನ್ನು ಕಬಡ್ಡಿ ಅಂಕಣದಿಂದ ಹೊರಗಟ್ಟಿದವರು ಲೀಗ್ ನಡೆಸುವ ಮಾಲೀಕರು, ಅದನ್ನು ಪ್ರಸಾರ ಮಾಡುವ ವಾಹಿನಿಗಳು ಮತ್ತು ಕ್ರೀಡಾಪುಟ ರೂಪಿಸುವ ಸಂಪಾದಕರು. ಈ ಮಾತನ್ನು ಮೆತ್ತಗೆ ಹೇಳುವ ಉದ್ದೇಶ ನನಗಿಲ್ಲ.

ಕಳೆದ ವಾರ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಶಾಲಾ ಹುಡುಗಿಯೊಬ್ಬಳು ಮಂಡಿಗೆ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟಿಗೆ ಅಕ್ಕ ನೆನಪಾದಳು... ಅವರ ನಡುಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಆ ಸದ್ದಿನಲ್ಲೇ ಗೋಡೆಗೊರಗಿ ಕೂತು ಅವಳು ಕಾಲಿಗೆ ಅದೇ ಎಣ್ಣೆ ತಿಕ್ಕುತ್ತಿದ್ದಳು. ಎದುರಾಳಿಯ ಪಾದ ಹಿಡಿದು ಕೆಡವುವುದು ಅವಳ ವಿದ್ಯೆ. “ಹಿಡಿದ್ರೆ ಬಿಡಲ್ಲ ಕಣೇ, ಚೀಟಿ ವಸೂಲಿಗೆ ಹೋಗೋ ನಮ್ಮಜ್ಜಿ ಥರ,” ಎಂದು ನಗುತ್ತಿದ್ದಳು.

ವೃತ್ತಿಪರ ಲೀಗ್ ಒಂದರ ಮಹಿಳಾ ತಂಡಕ್ಕೆ ಅವಳು ಆಯ್ಕೆಯಾದಾಗ ಅವಳಪ್ಪ ಷರತ್ತು ಹಾಕಿದರು. “ಈ ಸಲ ಆಡು. ಪೇಪರ್‌ನಾಗೆ ನಿನ್ನಾಟ ಬರ್ಲಿ, ಗಂಡುಹುಡುಗ್ರಿಗೆ ಕೊಡೋ ಸಂಬ್ಳ ನಿಂಗೂ ಕೊಡ್ಲಿ, ಮದುವೆ ಮಾತೇ ಎತ್ತಲ್ಲ. ಇಲ್ದಿದ್ರೆ ಗಂಡು ನೋಡ್ತೀನಿ.”

ಅದೇ ಮಾಲೀಕರ ಪುರುಷರ ತಂಡಕ್ಕೆ ಇಡೀ ಆವೃತ್ತಿಗೆ ಸಂಬಳದ ಒಪ್ಪಂದವಿತ್ತು. ಮಹಿಳೆಯರಿಗೆ ಪಂದ್ಯಕ್ಕಿಷ್ಟು ಎಂಬ ‘ಗೌರವಧನ’. ಅಕ್ಕ ಕೇಳಿಯೇ ಬಿಟ್ಟಳು. ವ್ಯವಸ್ಥಾಪಕರ ಉತ್ತರವನ್ನು ಅವರದೇ ದನಿಯಲ್ಲಿ ನನಗೆ ಒಪ್ಪಿಸಿದಳು: “ನಿಮ್ಮ ಮ್ಯಾಚ್ ಟೀವೀಲಿ ಬರಲ್ಲಮ್ಮ, ಜಾಹೀರಾತು ಎಲ್ಲಿಂದ ತರ್ಲಿ?” ವಾಹಿನಿಯವರೋ, ಜನ ನೋಡುವುದಿಲ್ಲ ಎನ್ನುತ್ತಿದ್ದರು. ತೋರಿಸದೇ ಇದ್ದುದನ್ನು ಜನ ಹೇಗೆ ನೋಡಬೇಕಿತ್ತು?

ಫೈನಲ್ ನಮ್ಮೂರ ಮೈದಾನದಲ್ಲೇ ನಡೆಯಿತು. ಮಹಿಳೆಯರ ಪಂದ್ಯ ಸುಡುಬಿಸಿಲಲ್ಲಿ, ಕ್ಯಾಮೆರಾಗಳು ಬರುವ ಮುನ್ನ. ಕೊನೆಯ ದಾಳಿಗೆ ಬಂದವಳ ಪಾದ ಹಿಡಿದು ತಂಡವನ್ನು ಗೆಲ್ಲಿಸಿದ್ದು ಅಕ್ಕ. ಬೆವರು ಆರುವ ಮೊದಲೇ ಸಂಘಟಕರು ಬಂದರು. ಸಂಜೆ ಪುರುಷರ ತಂಡಗಳನ್ನು ಬರಮಾಡಿಕೊಳ್ಳಲು ಗೆದ್ದ ಹೆಣ್ಣುಮಕ್ಕಳೇ ರೇಷ್ಮೆ ಸೀರೆಯುಟ್ಟು ಆರತಿ ಎತ್ತಬೇಕೆಂದರು. ಊರಿನ ಮರ್ಯಾದೆ ಎಂದುಕೊಂಡು ಹುಡುಗಿಯರು ಒಪ್ಪಿದರು. ಸಂಜೆಗೆ ಕ್ಯಾಮೆರಾಗಳೂ ಬಂದಿದ್ದವು.

ಮರುದಿನದ ಪತ್ರಿಕೆಯಲ್ಲಿ ಪುರುಷರ ಫೈನಲ್‌ಗೆ ಅರ್ಧ ಪುಟ. ಮೂಲೆಯಲ್ಲಿ ತಟ್ಟೆ ಹಿಡಿದ ಅಕ್ಕನ ಚಿತ್ರ, ಅದರ ಕೆಳಗೆ ‘ಆಟಗಾರರಿಗೆ ಮಹಿಳೆಯರಿಂದ ಸಾಂಪ್ರದಾಯಿಕ ಸ್ವಾಗತ’. ಗೆದ್ದ ಸುದ್ದಿ ಎಲ್ಲೂ ಇರಲಿಲ್ಲ. ಅವಳಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಚೆನ್ನಾಗ್ ಬಂದೈತೆ ಕಣಮ್ಮ. ಸೀರೆ ನಮ್ ಮಗ್ಗದ್ದೇ ಅಲ್ವಾ?”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ... “ಹೂಂ ಅಪ್ಪ,” ಎಂದಳು ಅಕ್ಕ.

ಆ ವರ್ಷವೇ ಅವಳ ಮದುವೆಯಾಯಿತು. ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಈಗ ಎಲ್ಲಿದ್ದಾಳೋ... ನನ್ನಲ್ಲಿರುವ ನಂಬರಿಗೆ ಕರೆ ಹೋಗುವುದಿಲ್ಲ. ಅವಳಪ್ಪನನ್ನು ನಾನು ದೂರಲಾರೆ. ಅವರು ಕೇಳಿದ ಎರಡನ್ನೂ ಕೊಡಬಹುದಾಗಿದ್ದವರು ಬೇರೆಯೇ ಇದ್ದರು. ಗೆದ್ದವಳನ್ನು ಸ್ವಾಗತಕ್ಕೆ ನಿಲ್ಲಿಸಿ, ಅದನ್ನೇ ಸುದ್ದಿಯೆಂದು ಅಚ್ಚು ಹಾಕಿದವರನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ. ಅದೇ ಲೀಗಿನ ಈ ವರ್ಷದ ವೇಳಾಪಟ್ಟಿ ನೋಡಿದೆ. ಮಹಿಳೆಯರ ಪಂದ್ಯಗಳು ಈಗಲೂ ನಡುಮಧ್ಯಾಹ್ನಕ್ಕೇ ಇವೆ.

ಆದ್ದರಿಂದ ಲೀಗಿನ ಮಾಲೀಕರಲ್ಲಿ, ವಾಹಿನಿಗಳಲ್ಲಿ, ಸಂಪಾದಕರಲ್ಲಿ ವಿಧ್ಯುಕ್ತವಾಗಿ ಕೇಳುತ್ತಿದ್ದೇನೆ. ಒಂದೇ ಆಟಕ್ಕೆ ಎರಡು ಬಗೆಯ ಒಪ್ಪಂದ ಏಕೆಂಬುದಕ್ಕೆ ಲಿಖಿತ ಉತ್ತರ ಕೊಡಿ. ಮುಂದಿನ ಆವೃತ್ತಿಯಿಂದ ಸಮಾನ ಸಂಬಳ ನಿಗದಿಪಡಿಸಿ. ಮಹಿಳೆಯರ ಫೈನಲನ್ನೂ ಸಂಜೆಯೇ ಆಡಿಸಿ, ನೇರಪ್ರಸಾರ ಮಾಡಿ. ಗೆದ್ದವರ ಹೆಸರುಗಳನ್ನು ಪ್ರಕಟಿಸಿ. ಅಕ್ಕ ಆಡಬಹುದಾಗಿದ್ದ ವರ್ಷಗಳನ್ನು ನೀವು ಹಿಂದಿರುಗಿಸಲಾರಿರಿ. ಉತ್ತರವನ್ನಾದರೂ ಕೊಡಿ.