ನಡುವಿನ ಸೀಟಿನ ಸೂಜಿ

ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿ ಬಳಿಯ ಕಲ್ಯಾಣಕ್ಕೆ ಬಂದ ಪದ್ಮಾವತಿ ಬಹಳ ವರ್ಷ ಉಲ್ಹಾಸನಗರದಲ್ಲಿ ಜೀನ್ಸ್ ಪ್ಯಾಂಟು ಹೊಲಿದಳು. ಈಗ ರಬಾಳೆಯ ಕಾರ್ಖಾನೆಯಲ್ಲಿ ವಿಮಾನದ ಸೀಟಿನ ಕವರು ಹೊಲಿಯುತ್ತಾಳೆ. ವಿಮಾನದೊಳಗೆ ಕಾಲಿಟ್ಟವಳಲ್ಲ. ಆದರೆ ಹೊಲಿದು ಹೊಲಿದೇ ಅದರ ಒಳಭಾಗ ತಿಳಿದಿತ್ತು: ನಡುವೆ ಒಂದೇ ಓಣಿ, ಆ ಬದಿ ಮೂರು ಸೀಟು, ಈ ಬದಿ ಮೂರು. ಇಬ್ಬರ ನಡುವೆ ಸಿಕ್ಕಿಕೊಳ್ಳುವವರಿಗಾಗಿ ನಡುವಿನ ಸೀಟು ಮಾತ್ರ ಒಂದು ಬೆರಳಷ್ಟು ಹೆಚ್ಚು ಅಗಲ. ಹಾಗಾಗಿ ಅದರ ಕವರಿನ ಅಳತೆಯೇ ಬೇರೆ.

ಆ ಶುಕ್ರವಾರ ಅವಳ ಪಾಲಿಗೆ ಬಂದದ್ದು ನಡುವಿನ ಸೀಟಿನ ಕವರುಗಳು. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಮೆಷಿನ್ನಿನ ಸೂಜಿ ಮುರಿಯಿತು. ಎರಡು ಚೂರು ಸಿಕ್ಕವು, ತುದಿ ಸಿಗಲಿಲ್ಲ. ಚೂರುಗಳನ್ನೆಲ್ಲ ಜೋಡಿಸಿ ತಪಾಸಣೆಯ ಜಯಲತಾ ಮೇಡಂಗೆ ಒಪ್ಪಿಸಿದ ಮೇಲೆಯೇ ಹೊಸ ಸೂಜಿ ಎಂಬುದು ಅಲ್ಲಿಯ ಕಟ್ಟಳೆ. ಮೇಡಂ ಮೀಟಿಂಗಿನಲ್ಲಿದ್ದರು. ಬಾಗಿಲಲ್ಲಿ ಕವರು ಒಯ್ಯಲು ಬಂದ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಪದ್ಮಾವತಿ ಡ್ರಾವರಿನಿಂದ ತಾನೇ ಒಂದು ಸೂಜಿ ತೆಗೆದು ಹಾಕಿ, ಕೊನೆಯ ಕವರು ಮುಗಿಸಿ ಕೊಟ್ಟುಬಿಟ್ಟಳು. ಚೂರುಗಳು ಸೆರಗಿನ ಗಂಟಿನಲ್ಲಿ ಉಳಿದವು.

ಠಾಣೆಯಲ್ಲಿ ರೈಲು ಬದಲಿಸುವಾಗ ಒಮ್ಮೆ ತಿರುಗಿ ಹೋಗೋಣವೆನ್ನಿಸಿತು. ಹೋಗಲಿಲ್ಲ. ಮನೆಯಲ್ಲಿ ನೀರು ಹಾಕದೆ ಅಕ್ಕಿ ಒಲೆಗಿಟ್ಟಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಯಾಕ ಹಿಂಗ ಚಡಪಡಸಾಕತ್ತೀ? ಏನಾತು?" ಗಂಡ ಶಂಕ್ರೆಪ್ಪ ಕೇಳಿದ.

ಹೇಳಿದಳು.

"ಸೂಜಿ ತುದಿ ಎಷ್ಟರ ಇರತೈತಿ? ನೆಲಕ್ಕ ಬಿದ್ದಿರತೈತಿ, ಬಿಡು."

"ನೆಲಕ್ಕೆಲ್ಲಾ ಅಯಸ್ಕಾಂತ ಹಿಡದು ನೋಡೀನ್ರಿ. ಯಾರರ ಸಣ್ಣ ಕೂಸಿನ್ನ ಆ ಸೀಟಿನ್ಯಾಗ ಮಲಗಿಸಿದ್ರ?"

ಶಂಕ್ರೆಪ್ಪ ಎದ್ದು ಅಕ್ಕಿಗೆ ನೀರು ಹಾಕಿದ.

ಮರುದಿನ ಬೆಳಿಗ್ಗೆ ಜಯಲತಾ ಬ್ಯಾಗು ಕೆಳಗಿಡುವ ಮೊದಲೇ ಪದ್ಮಾವತಿ ಅವರ ಮೇಜಿನ ಮುಂದಿದ್ದಳು. ಜಯಲತಾ ಮಂಗಳೂರಿನವರು.

"ಎಂತ ಪದ್ಮಾವತಿ, ಇಷ್ಟು ಬೇಗ?"

ಸೆರಗಿನ ಗಂಟು ಬಿಚ್ಚಿ ಚೂರುಗಳನ್ನು ಮೇಜಿನ ಮೇಲಿಟ್ಟಳು. "ತುದಿ ಸಿಗಲಿಲ್ರೀ ಮೇಡಂ. ನಿಮಗ ಹೇಳದ ಹೋಗಿಬಿಟ್ಟೆ. ತಪ್ಪಾತು."

"ಕವರೆಲ್ಲ ಹೋಗಿ ಆಯ್ತಲ್ಲ ಮಾರಾಯ್ತಿ! ಸೀಟಿಗೆ ಹಾಕಿಯೂ ಆಗಿರ್ತದೆ. ನಿನ್ನೆಯೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಜಯಲತಾ ಬೈಯುತ್ತಲೇ ಫೋನು ಎತ್ತಿಕೊಂಡರು.

ಇಬ್ಬರೂ ಕವರು ತಲುಪಿದ್ದ ವಿಮಾನ ರಿಪೇರಿಯ ಶೆಡ್ಡಿಗೆ ಹೋದರು. ಗೇಟಿನಲ್ಲಿ ಪಾಸು ಮಾಡಿಸಿಕೊಂಡರು. ಏಣಿ ಹತ್ತಿ ವಿಮಾನದೊಳಗೆ ಕಾಲಿಟ್ಟರೆ ಉದ್ದಕ್ಕೂ ಅವರ ಕಾರ್ಖಾನೆಯ ನೀಲಿ ಕವರುಗಳೇ. ಓಣಿ ಇಷ್ಟು ಇಕ್ಕಟ್ಟೆಂದು ಅವಳು ಎಣಿಸಿರಲಿಲ್ಲ. ಎದುರು ಬಂದವರಿಗೆ ದಾರಿ ಬಿಡಲು ಸೀಟಿನ ಸಂದಿಗೆ ಸರಿಯಬೇಕು. ಲೋಹ ಪತ್ತೆಹಚ್ಚುವ ಯಂತ್ರ ಹಿಡಿದರೆ ಸೀಟಿನ ಚೌಕಟ್ಟಿಗೇ ಕೂಗಿಕೊಳ್ಳುತ್ತಿತ್ತು.

ಸಂದೇಶ ಎಂಬ ಅಲ್ಲಿಯ ಎಂಜಿನಿಯರ್ ಗಡಿಯಾರ ನೋಡಿಕೊಂಡ. "ಪೆಹಲೇ ಹಾಥ್ ಸೇ ದೇಖೋ. ನಹೀ ಮಿಲಾ ತೋ ಸಬ್ ಕವರ್ ಉತಾರೇಂಗೇ. ಫ್ಲೈಟ್ ರುಕೇಗೀ, ಔರ್ ಕ್ಯಾ." ಕೈಯಿಂದ ಹುಡುಕಿ ಸಿಗದಿದ್ದರೆ ಕವರೆಲ್ಲ ಬಿಚ್ಚಬೇಕು, ವಿಮಾನ ನಿಲ್ಲಬೇಕು.

ನಡುವಿನ ಸೀಟುಗಳನ್ನಷ್ಟೇ ನೋಡಿದರೆ ಸಾಕಿತ್ತು. ಜಯಲತಾ ಒಂದು ಬದಿ ಹಿಡಿದರು, ಪದ್ಮಾವತಿ ಇನ್ನೊಂದು ಬದಿ. ಓಣಿಯ ಸೀಟು ದಾಟಿ, ಮೊಣಕಾಲು ಹಿಡಿಸದ ಜಾಗದಲ್ಲಿ ಕುಕ್ಕರಿಸಿ, ಬರಿಗೈಯಿಂದ ಹೊಲಿಗೆಯ ಉದ್ದಕ್ಕೂ ಒತ್ತಬೇಕು. ಸಾಲು ಮುಗಿದಂತೆಲ್ಲ ಅವಳು ಇನ್ನೂ ಒತ್ತಿ ಒತ್ತಿ ನೋಡಿದಳು. ನೆಲಕ್ಕೇ ಬಿದ್ದಿದ್ದರೆ? ಸುಮ್ಮನೆ ಇಷ್ಟು ಜನರನ್ನು ಕುಣಿಸಿದೆನೆ? ಇಲ್ಲೇ ಇದ್ದು ಕೈ ತಪ್ಪಿಸಿಕೊಂಡರೆ?

ವಿಮಾನದ ಬಾಲದ ಕಡೆಯ ಒಂದು ಸೀಟಿನಲ್ಲಿ, ಬೆನ್ನು ಆನಿಸುವಲ್ಲಿ, ಅಂಗೈಗೆ ಚುಳ್ ಎಂದಿತು.

"ಸಿಕ್ತ್ರೀ ಮೇಡಂ!"

ಜಯಲತಾ ಬಂದು ಚಿಮಟದಿಂದ ಎಳೆದರು. ಮೂರು ಚೂರು ಜೋಡಿಸಿದಾಗ ಸೂಜಿ ಪೂರ್ತಿಯಾಯಿತು. ಸಂದೇಶ ಅವಳ ಅಂಗೈಗೆ ಪಟ್ಟಿ ಅಂಟಿಸಿ, "ಬೈಠೋ ಥೋಡಾ" ಎಂದು ಸೀಟು ತೋರಿಸಿದ. ಅವಳು ಆಗಲೇ ಮುಂದಿನ ಸಾಲಿನಲ್ಲಿದ್ದಳು.

"ಸಿಕ್ಕಿ ಆಯ್ತಲ್ಲ, ಇನ್ನೆಂತ ಹುಡುಕುದು?" ಜಯಲತಾ ರೇಗಿದರು.

"ತಡೀರಿ ಮೇಡಂ. ಉಳಿದದ್ದೂ ನೋಡಿಬಿಡ್ತೀನಿ."

ಕಟ್ಟಳೆ ಮುರಿದದ್ದಕ್ಕೆ ಕಾರ್ಖಾನೆಯಲ್ಲಿ ಅವಳನ್ನು ಕೆಲವು ವಾರ ಮೆಷಿನ್ನಿನಿಂದ ಎಬ್ಬಿಸಿ, ಕವರಿನ ಅಂಚಿಗೆ ಪಟ್ಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಅವಳು ಎದುರು ಮಾತಾಡಲಿಲ್ಲ. ಆದರೆ ಜಯಲತಾರ ಫೋನು ಗುಂಯ್‌ಗುಟ್ಟಿದಾಗಲೆಲ್ಲ ವಿಮಾನದ ಶೆಡ್ಡಿನಿಂದಲೇನೋ ಎಂದು ಅವಳ ಕೈ ನಿಲ್ಲುತ್ತಿತ್ತು. ಅವರು ಬೇರೆ ಯಾವುದೋ ಮಾತಾಡಿ ನಕ್ಕ ಮೇಲೆಯೇ ಮತ್ತೆ ಅಂಟು ಹಚ್ಚುತ್ತಿದ್ದಳು.