ಮೇಷ್ಟ್ರುಗಳ ಮುಂದೆ ಒಂದು ರೊಟ್ಟಿ

ಮಕ್ಕಳ ಮುಂದೆ ನಿಂತರೆ ನನ್ನ ದನಿ ಮೂರು ಓಣಿಗೆ ಕೇಳುತ್ತಿತ್ತು. ದೊಡ್ಡವರು ನಾಲ್ಕು ಜನ ಸೇರಿದರೆ ಸಾಕು, ಅದೇ ದನಿ ನನ್ನ ಕಿವಿಗೇ ಕೇಳುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ತಂಬ್ರಹಳ್ಳಿ ಕಡೆಯ ಒಂದು ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿದ್ದೆ. ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳವರೆಲ್ಲ ಹಗರಿಬೊಮ್ಮನಹಳ್ಳಿಯಲ್ಲಿ ಸಭೆ ಸೇರುತ್ತಿದ್ದೆವು. ಅಲ್ಲಿ ಒಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರೆಲ್ಲ ಮಕ್ಕಳಾಗಿ ಬೆಂಚಿನ ಮೇಲೆ ಕೂರಬೇಕು. ನನ್ನ ಪಾಳಿ ಬಂದಾಗ ಒಂದು ಸಲ ಜ್ವರ ಅಂದೆ, ಇನ್ನೊಂದು ಸಲ ಅಕ್ಕನ ಮದುವೆ ಅಂದೆ. ಅಕ್ಕನಿಗೆ ಆಗಲೇ ಎರಡು ಮಕ್ಕಳಿದ್ದವು.

ಮೂರನೆಯ ಸಲ ನನ್ನನ್ನು ಹಿಡಿದು ಹಾಕಿದವರು ನಾಲ್ಕನೆಯ ಕ್ಲಾಸಿನಲ್ಲಿ ನನಗೇ ಲೆಕ್ಕ ಕಲಿಸಿದ ಮೇಷ್ಟ್ರು. ಆಗ ಪಕ್ಕದೂರಿನ ಶಾಲೆಯ ಹೆಡ್‌ಮಾಸ್ತರರಾಗಿ ಅದೇ ಸಭೆಗೆ ಬರುತ್ತಿದ್ದರು.

"ಈ ಸಲ ನಮ್ಮ ಹುಡುಗಿ ಮಾಡ್ತಾಳ್ರಿ. ನನ್ನ ಕೈಯಾಗ ಕಲತಾಕಿ, ನೋಡ್ತಿರ್ರಿ ಹೆಂಗ ಮಾಡ್ತಾಳ" ಎಂದು ಸಭೆಗೆಲ್ಲ ಸಾರಿಬಿಟ್ಟರು. ಅಷ್ಟಕ್ಕೆ ಬಿಡದೆ ಚಹಾದಂಗಡಿಯಲ್ಲೂ ಹೇಳಿಕೊಂಡು ಬಂದರಂತೆ. ನಾನು ಬಾಯಿ ಬಿಡದೆ ನಿಂತರೆ ಹೋಗುವ ಮಾನ ನನ್ನೊಬ್ಬಳದೇ ಆಗಿರಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಪಾಠ ಭಿನ್ನರಾಶಿ. ಒಂದು ರೊಟ್ಟಿಯನ್ನು ನಾಲ್ಕು ಸಮ ಭಾಗ ಮಾಡಿ ತೋರಿಸುವುದು ನನ್ನ ಉಪಾಯ. ಅವ್ವನಿಗೆ ಒಂದು ರೊಟ್ಟಿ ಕಟ್ಟಿಕೊಡು ಎಂದೆ. ಎಂಥದ್ದು ಎಂದು ಹೇಳಲಿಲ್ಲ. ಬಸ್ಸಿನಲ್ಲಿ ಹೋಗುವ ಮಗಳಿಗೆ ಕೆಡದಿರಲಿ ಎಂದು ಅವ್ವ ಹಪ್ಪಳದ ಹಾಗೆ ಒಣಗಿದ ಖಡಕ್ ರೊಟ್ಟಿಯನ್ನೇ ಕಟ್ಟಿದ್ದಳು.

ಸಭೆಯಲ್ಲಿ ಕೂತವರಲ್ಲಿ ಅರ್ಧ ಜನರ ತಲೆಗಳು ನನ್ನ ಕೈಯಲ್ಲಿದ್ದ ಚಾಕ್‌ಪೀಸಿಗಿಂತ ಬೆಳ್ಳಗಿದ್ದವು. ಇವರಿಗೆ ನಾನು ಪಾಠ ಹೇಳುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. "ಮಕ್ಕಳೇ" ಎಂದೆ. ಮಕ್ಕಳು ಮೀಸೆ ಸವರಿಕೊಂಡರು. ರೊಟ್ಟಿ ತೆಗೆದು ಮಡಚಲು ಹೋದೆ. ಅದು ಪಟ್ಟನೆ ಮುರಿದು, ಒಂದು ಅಂಗೈಯಗಲದ್ದು, ಒಂದು ಬೆರಳಗಲದ್ದು ಎಂದು ಅಡ್ಡಾದಿಡ್ಡಿಯಾಗಿ ನಾಲ್ಕು ತುಂಡಾಯಿತು.

"ಪಲ್ಯ ತಂದೀರೇನ್ರಿ ಟೀಚರ್?" ಎಂದರು ಮುಂದಿನ ಬೆಂಚಿನವರು. ಎಲ್ಲರೂ ನಕ್ಕರು. ಮುಖ ಮರೆಸಿಕೊಳ್ಳಲು ಬೋರ್ಡಿನ ಕಡೆ ತಿರುಗಿ, ದೊಡ್ಡದೊಂದು ವೃತ್ತ ಬರೆಯತೊಡಗಿದೆ. ಬೋರ್ಡು ಎದುರಿಗಿದ್ದರೆ ಎಲ್ಲ ಶಾಲೆಯೂ ಒಂದೇ. ನಾನೆಲ್ಲಿದ್ದೇನೆ ಎಂಬುದೇ ಮರೆಯಿತು. ಅಷ್ಟರಲ್ಲಿ ಹಿಂದಿನಿಂದ ಸಂತೆಯ ಉಳ್ಳಾಗಡ್ಡಿ ರೇಟಿನ ಗುಸುಗುಸು ಕೇಳಿತು.

"ಯಾವನಲೇ ಅವ ಹಿಂದ? ಬಾಯಿ ಮುಚ್ಚಿಕೊಂಡು ಕುಂದ್ರಲೇ!"

ನನ್ನ ಕ್ಲಾಸಿನಲ್ಲಿ ಗದರುವ ಹಾಗೆಯೇ ಗದರಿಬಿಟ್ಟಿದ್ದೆ. ತಿರುಗಿ ನೋಡಿದೆ. ಕೊನೆಯ ಬೆಂಚಿನಲ್ಲಿ ನನ್ನ ಮೇಷ್ಟ್ರು ಬಾಯಿ ಅರ್ಧ ತೆರೆದು ಕೂತಿದ್ದರು. ಪಕ್ಕದವರು ಥೇಟ್ ಹುಡುಗರ ಹಾಗೆ ಅವರ ಕಡೆ ಬೆರಳು ತೋರಿಸುತ್ತಿದ್ದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮೇಷ್ಟ್ರು ನಿಧಾನವಾಗಿ ಎದ್ದು ಕೈಕಟ್ಟಿ ನಿಂತರು.

"ತಪ್ಪಾತ್ರಿ ಟೀಚರ್."

ಈಗ ಕ್ಷಮೆ ಕೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಅವರೇ ಹುಡುಗನಾಗಿ ನಿಂತಿರುವಾಗ ನಾನು ಟೀಚರಾಗದಿದ್ದರೆ ಹೇಗೆ? ಬಂದದ್ದು ಬರಲಿ ಎಂದು ಬೆರಳಗಲದ ಚೂರನ್ನು ಎತ್ತಿ ಹಿಡಿದೆ.

"ರೊಟ್ಟಿ ನಾಲ್ಕು ತುಂಡಾಗೈತಿ. ಇದು ಕಾಲು ಭಾಗ ಹೌದೇನು?"

"ಹೌದ್ರಿ."

"ಹಂಗಾರ ಇದು ನಿನಗ, ಈ ದೊಡ್ಡದು ನಿನ್ನ ಮಗ್ಗುಲದವಗ. ತಗೋ."

"ಅದ್ಹೆಂಗ್ರಿ? ಅವಗ ಹೆಚ್ಚಾತು!" ಎಂದರು, ನಿಜಕ್ಕೂ ಅನ್ಯಾಯವಾದವರ ಹಾಗೆ.

"ಹಂಗಂದ್ರ ತುಂಡು ನಾಲ್ಕಾದ್ರ ಸಾಲದು. ಮತ್ತೇನಾಗಬೇಕು?"

"ಸಮ ಆಗಬೇಕ್ರಿ!" ಇಡೀ ಕೋಣೆ ಕೂಗಿತು. ಅಲ್ಲಿಂದ ಪಾಠ ಓಡಿತು. ತಲೆ ನರೆತವರು ನಾ ಮುಂದೆ ತಾ ಮುಂದೆ ಎಂದು ಕೈ ಎತ್ತಿದರು, ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ. ಸಮಯ ಮುಗಿಯಿತು ಎಂದು ಅವರೇ ಹೇಳಬೇಕಾಯಿತು. ಹೆದರಿಕೆ ಯಾವಾಗ ಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ಎಂಥ ಖುಷಿ ಅದು!

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕಾಗ ಮಾತ್ರ ಮತ್ತೆ ತಡವರಿಸಿದೆ. "ಸರ್, ನೀವಂತ ಗೊತ್ತಾಗಲಿಲ್ರಿ..." ಅವರು ಕೇಳಿಸಿಕೊಳ್ಳದೆ ಬಸ್ಸು ಹತ್ತಿದರು. ಸಿಟ್ಟಾಗಿದ್ದಾರೆ ಎಂದುಕೊಂಡು ಸಣ್ಣ ಮುಖ ಮಾಡಿಕೊಂಡು ನಾನೂ ಹತ್ತಿದೆ. ಒಳಗೆ ಅವರ ಊರಿನ ರೈತನೊಬ್ಬ ನನ್ನನ್ನು ನೋಡಿ ಕೇಳಿದ.

"ಈ ಹುಡುಗಿ ಯಾರ್ರಿ ಮೇಷ್ಟ್ರೇ? ನಿಮ್ಮ ಹತ್ರ ಕಲತಾಕೇನು?"

"ನಮ್ಮ ಟೀಚರ್ರಪ್ಪ. ಇವತ್ತ ಇವರ ಕೈಲಿ ಬೈಸಿಕೊಂಡೀನಿ."

ರೈತ ತಮಾಷೆ ಎಂದುಕೊಂಡು ನಕ್ಕ. ಮೇಷ್ಟ್ರು ನಗಲಿಲ್ಲ. ಎದ್ದು ನಿಂತು, ತಾವು ಕೂತಿದ್ದ ಕಿಟಕಿ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟರು.